ಬಲಗಡೆಯ ಹಿಂದಿನ ಟಯರು

ನಮ್ಮ ಅಕ್ಕನ ಮಗ ಫೋನ್ ಮಾಡಿದರೆ ನಾಲ್ಕು ಟಯರುಗಳಲ್ಲಿ ಒಂದರ ಸುದ್ದಿ ಮಾತ್ರ... ಬಲಗಡೆಯ ಹಿಂದಿನದು! ಅವನಿರುವುದು ಅಮೆರಿಕದ ಅಯೋವಾದಲ್ಲಿ. ಅಲ್ಲಿನ ನಾಕ್ಸ್‌ವಿಲ್ ಎಂಬ ಊರಿನಲ್ಲಿ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್ ಇದೆ. 1961ರಿಂದ ಸ್ಪ್ರಿಂಟ್ ಕಾರುಗಳ ದೊಡ್ಡ ಪಂದ್ಯ ನಡೆಯುವುದು ಅಲ್ಲೇ. ಇವನು ರಜೆಯ ದಿನ ಪಕ್ಕದ ಮನೆಯವರ ಸಣ್ಣ ತಂಡಕ್ಕೆ ಟಯರು ನೋಡಿಕೊಳ್ಳುತ್ತಾನೆ. ಪುಣೆಯ ಭೋಸರಿಯಲ್ಲಿ ಮೂವತ್ತು ವರ್ಷ ಲಾರಿ ಟಯರು ರೀಟ್ರೆಡ್ ಮಾಡಿದ ಮಾಮನಿಗೆ ಗೊತ್ತಿರಲೇಬೇಕು ಅಂತ ಅವನ ನಂಬಿಕೆ.

ಎರಡು ವಾರದಲ್ಲಿ ಎರಡು ಟಯರು ಒಡೆದಿದ್ದವು. ಸಂಬಳದ ದುಡ್ಡಿನಲ್ಲಿ ಓಡಿಸುವ ತಂಡ. ಉಳಿದದ್ದು ಒಂದೇ ಹೊಸ ಟಯರು. ಅದೂ ಹೋದರೆ ಈ ವರ್ಷದ ಓಟ ಮುಗಿಯಿತು. ತಿರುವಿನಲ್ಲಿ ಒಡೆದರೆ ಕಾರು ನೇರ ಗೋಡೆಗೆ.

ಆ ಕಾರಿನ ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಕಚ್ಚಿಕೊಂಡಿರುತ್ತವೆ, ಡಿಫರೆನ್ಷಿಯಲ್ ಇಲ್ಲ. ಸುತ್ತುವುದು ಸದಾ ಎಡಕ್ಕೆ. ಅದಕ್ಕೇ ಬಲಗಡೆಯ ಟಯರು ಎಡದ್ದಕ್ಕಿಂತ ದೊಡ್ಡದು. ತಿರುವಿನಲ್ಲಿ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಈ ಅಂತರ ಅತಿಯಾದರೆ ನೇರ ದಾರಿಯಲ್ಲೂ ರಬ್ಬರು ಉಜ್ಜುತ್ತದೆ.

ಸಂಜೆ ನೀರು ಹಾಕಿದ ಕಪ್ಪು ಜೇಡಿಮಣ್ಣು ಅಂಟಂಟಾಗಿ ಟಯರನ್ನು ಚೆನ್ನಾಗಿ ಹಿಡಿಯುತ್ತದೆ. ರಾತ್ರಿಯಾಗುತ್ತಾ ಒಣಗಿ, ಸಗಣಿ ಸಾರಿಸಿ ನುಣುಪು ಮಾಡಿದ ಅಂಗಳದಂತಾಗುತ್ತದೆ. ಚಕ್ರ ಬರೀ ಜಾರಿ ತಿರುಗುತ್ತದೆ. ಕೆಲವೊಮ್ಮೆ ಒಂದೇ ಗೆರೆಯಲ್ಲಿ ರಬ್ಬರು ಮೆತ್ತಿ, ಮಣ್ಣು ಡಾಂಬರಿನಂತಾಗುತ್ತದೆ. ಟಯರು ಗುಳ್ಳೆ ಎದ್ದು ಕಿತ್ತುಬರುವುದು ಆಗಲೇ.

ಲಾರಿಯಾಗಲಿ ರೇಸಾಗಲಿ, ಟಯರಿನ ಶತ್ರು ಬಿಸಿ. ಲಾರಿಯಲ್ಲಿ ಗಾಳಿ ಕಡಿಮೆಯಾದರೆ ಪಕ್ಕದ ಗೋಡೆ ಬಳುಕಿ ಕಾಯುತ್ತದೆ. ಇಲ್ಲಿ ಹಿಡಿತಕ್ಕಾಗಿ ಬೇಕೆಂದೇ ಕಡಿಮೆ ಗಾಳಿ ಇಡುತ್ತಾರೆ! ಓಡುತ್ತಾ ಬಿಸಿಗೆ ಗಾಳಿಯ ಒತ್ತಡ ಏರಿ, ನಡುಭಾಗ ಉಬ್ಬಿ, ಅಷ್ಟೇ ನೆಲ ಮುಟ್ಟಿ, ಇನ್ನೂ ಜಾರಿ, ಇನ್ನೂ ಕಾಯುತ್ತದೆ. ಹೆಚ್ಚಾದ ಗಾಳಿ ತಾನಾಗಿ ಬಿಡುವ ಬ್ಲೀಡರ್ ವಾಲ್ವ್ ಇರುವುದು ಇದಕ್ಕೇ. "ಓಟ ಮುಗಿದ ತಕ್ಷಣ ಟಯರು ಮುಟ್ಟಿ ನೋಡೋ" ಅಂದೆ. ನಡುವೆ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಕಡಿಮೆ.

ಇನ್ನೊಂದು ಸಂಗತಿ, ಬ್ಲೇಡಿನಿಂದ ಹಾಕುವ ಗೀರು. ಹಿಡಿತ ಬರುತ್ತದೆಂದು ಹುಡುಗರು ಟಯರನ್ನು ಕೋಸುಂಬರಿಗೆ ಹೆಚ್ಚಿದ ಹಾಗೆ ಹೆಚ್ಚಿಬಿಡುತ್ತಾರೆ. ಗೀರು ಬಿಸಿಯನ್ನು ಹೊರಬಿಡುತ್ತದೆ, ನಿಜ. ಆದರೆ ರಬ್ಬರು ಮೆತ್ತಿದ ಟ್ರ್ಯಾಕಿನಲ್ಲಿ ಆ ಸಣ್ಣ ತುಂಡುಗಳು ಅಲುಗಾಡಿ ಕಿತ್ತು ಬರುತ್ತವೆ. ಅಂಥ ರಾತ್ರಿ ಗಟ್ಟಿ ಕಾಂಪೌಂಡು, ಕಡಿಮೆ ಗೀರು.

ಇಷ್ಟೆಲ್ಲ ಮಾಡಿದರೂ ಡ್ರೈವರನ ಬಲಗಾಲು ಕೇಳಬೇಕಲ್ಲ! ಮಣ್ಣು ಎರಚಿದರೆ ವೇಗ ಅಂತ ಅವನ ಲೆಕ್ಕ. ಹೋದ ಶನಿವಾರ ಅರ್ಧ ಓಟ ಆಕ್ಸಿಲರೇಟರ್ ಮೃದುವಾಗಿ ಒತ್ತಿದನಂತೆ. ಬಂದದ್ದು ಆರನೆಯವನಾಗಿ, ಟಯರು ಮಾತ್ರ ಇನ್ನೊಂದು ವಾರಕ್ಕೆ ಬರುವಂತಿದೆ. ಆದರೂ ಡ್ರೈವರನಿಗೆ ಸಿಟ್ಟು: "ಗ್ಯಾಸ್ ಕೊಟ್ಟಿದ್ದರೆ ಮೂರನೆಯವನಾಗುತ್ತಿದ್ದೆ." ಆ ವಾದ ಇನ್ನೂ ನಡೆದಿದೆ.