ಏಳನೆಯ ವಾರ್ಡಿನ ಮನೆಗಳು

ಒಂದು ಸಮುದಾಯದಲ್ಲಿ ಸಾವು ಹೆಚ್ಚಾಗಿದ್ದರೆ ಅದರ ಕಾರಣ ಆ ಜನರ ರಕ್ತದಲ್ಲಿದೆಯೋ, ಅವರು ವಾಸಿಸುವ ಮನೆಯಲ್ಲಿದೆಯೋ? ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕದಲ್ಲಿ ಈ ಪ್ರಶ್ನೆ ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ. ವಿಮಾ ಕಂಪನಿಯೊಂದರ ಸಂಖ್ಯಾಶಾಸ್ತ್ರಜ್ಞರಾದ ಫ್ರೆಡರಿಕ್ ಹಾಫ್‌ಮನ್ 1896ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕಪ್ಪು ಜನರ ಮರಣ ಪ್ರಮಾಣ ಹೆಚ್ಚಿರುವುದು ಅವರ ಜನಾಂಗದ ಗುಣದಿಂದಲೇ ಹೊರತು ಬದುಕಿನ ಸ್ಥಿತಿಗತಿಯಿಂದಲ್ಲ ಎಂಬುದು ಅದರ ವಾದ. ಗ್ರಂಥದ ತುಂಬ ಅಂಕಿಅಂಶಗಳ ಕೋಷ್ಟಕಗಳಿದ್ದವು. ಈ ವಾದವನ್ನು ಒಪ್ಪಿದವರಿಗೆ ಚರಂಡಿ ತೋಡಿಸುವ, ಆಸ್ಪತ್ರೆ ಕಟ್ಟಿಸುವ, ವಿಮೆ ನೀಡುವ ಹೊಣೆಯೇ ಉಳಿಯುತ್ತಿರಲಿಲ್ಲ. ಸಾಯುವುದು ಅವರ ಹಣೆಬರಹವೆಂದ ಮೇಲೆ ಪುರಸಭೆ ಮಾಡುವುದಾದರೂ ಏನು?

ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು ಫಿಲಡೆಲ್ಫಿಯಾ ನಗರದ ಕಪ್ಪು ಜನರ ಸ್ಥಿತಿಯನ್ನು ಅಧ್ಯಯನ ಮಾಡಲು ಇಪ್ಪತ್ತೆಂಟರ ಹರೆಯದ ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರನ್ನು ಕರೆಸಿಕೊಂಡಿತು. ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಅಮೆರಿಕನ್ ಅವರು. ಆ ಪದವಿ ಹಿಂದಿನ ವರ್ಷವಷ್ಟೇ ದೊರೆತಿತ್ತು. ಆದರೂ ವಿಶ್ವವಿದ್ಯಾಲಯ ಅವರಿಗೆ ನಿಯಮಿತ ಬೋಧಕ ಸ್ಥಾನವನ್ನು ಕೊಡಲಿಲ್ಲ. ಅವರು ನವವಧು ನೀನಾ ಅವರೊಡನೆ ಅಧ್ಯಯನದ ಕ್ಷೇತ್ರವಾದ ಏಳನೆಯ ವಾರ್ಡಿನಲ್ಲಿಯೇ ಬಿಡಾರ ಹೂಡಿದರು.

ಕೇಳಿದ ಮಾತಿಗಿಂತ ಕಂಡ ಸಾಕ್ಷಿಗೆ ಬೆಲೆ ಹೆಚ್ಚೆಂಬುದು ನ್ಯಾಯಾಲಯದ ಮೊದಲ ಪಾಠ. ಹಾಫ್‌ಮನ್ನರ ವಾದ ಇತರರು ಸಂಗ್ರಹಿಸಿದ ಅಂಕಿಗಳ ಮೇಲೆ ನಿಂತಿತ್ತು. ಡು ಬಾಯ್ಸ್ ಮನೆ ಮನೆಯ ಬಾಗಿಲು ತಟ್ಟಿದರು. ಸುಮಾರು 2,500 ಕುಟುಂಬಗಳು, ಹತ್ತಿರ ಹತ್ತಿರ ಹತ್ತು ಸಾವಿರ ಜನ. ಮನೆಯಲ್ಲಿ ಎಷ್ಟು ಮಂದಿ, ಎಷ್ಟು ಕೋಣೆ, ಬಾಡಿಗೆ ಎಷ್ಟು, ದುಡಿಮೆ ಯಾವುದು, ಓದುಬರಹ ಬಲ್ಲವರು ಯಾರು, ಕಾಯಿಲೆ ಏನು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಜನರು ಅವರನ್ನು ತೋಳು ಚಾಚಿ ಸ್ವಾಗತಿಸಲಿಲ್ಲ. ವಿಚಿತ್ರ ಪ್ರಾಣಿಗಳಂತೆ ತಮ್ಮನ್ನು ಪರೀಕ್ಷಿಸುವುದು ಯಾರಿಗೆ ತಾನೆ ಹಿಡಿಸೀತು? ಆ ಅಸಮಾಧಾನ ಸಹಜವೆಂದೇ ಅವರು ತಿಳಿದರು.

ಈ ಅಧ್ಯಯನ 1899ರಲ್ಲಿ ‘ದಿ ಫಿಲಡೆಲ್ಫಿಯಾ ನೀಗ್ರೋ’ ಎಂಬ ಗ್ರಂಥವಾಗಿ ಹೊರಬಂತು. ಅದರ ಪ್ರಕಾರ 2,441 ಕುಟುಂಬಗಳ ಪೈಕಿ ಸ್ನಾನಗೃಹ ಮತ್ತು ಶೌಚಾಲಯದ ಅನುಕೂಲವಿದ್ದವು 334 ಮಾತ್ರ. ಹೋಟೆಲುಗಳಲ್ಲಿ, ಶ್ರೀಮಂತರ ಮನೆಗಳಲ್ಲಿ ಊಳಿಗ ಮಾಡುವವರು ಕೆಲಸದ ಸ್ಥಳಕ್ಕೆ ಸಮೀಪ ಇರಲೇಬೇಕು. ಬೇರೆ ಕಡೆ ಅವರಿಗೆ ಮನೆ ಕೊಡುವವರು ವಿರಳ. ಆದ್ದರಿಂದ ಕೆಟ್ಟ ಮನೆಗೂ ಹೆಚ್ಚಿನ ಬಾಡಿಗೆ. ಬಾಡಿಗೆ ಹೊಂದಿಸಲು ಕೋಣೆಯನ್ನು ಪರರಿಗೆ ಕೊಟ್ಟು ಕುಟುಂಬ ಇನ್ನಷ್ಟು ಇಕ್ಕಟ್ಟಾಗುತ್ತಿತ್ತು. ಆ ಇಕ್ಕಟ್ಟಿನಲ್ಲಿ ಕ್ಷಯ, ನ್ಯುಮೋನಿಯಾಗಳು ಬೇರೂರುತ್ತಿದ್ದವು. ಕೊಳಚೆಯ ವಾರ್ಡುಗಳಲ್ಲಿ ಸಾವು ಹೆಚ್ಚು, ಒಳ್ಳೆಯ ಮನೆ ಮತ್ತು ಶುಚಿಯಾದ ಬೀದಿಗಳಿರುವಲ್ಲಿ ಕಡಿಮೆ. ಎರಡೂ ಕಡೆ ವಾಸಿಸುವ ಕಪ್ಪು ಜನರ ಜನಾಂಗ ಒಂದೇ ಆಗಿರುವಾಗ ದೋಷವನ್ನು ಜನಾಂಗದ ಮೇಲೆ ಹೊರಿಸುವುದು ಹೇಗೆ?

ಆದರೂ ಅವರು ತಮ್ಮವರ ಪರ ವಕಾಲತ್ತು ವಹಿಸಿ ಎಲ್ಲವನ್ನೂ ಮುಚ್ಚಿಡಲಿಲ್ಲ. ವಾರ್ಡಿನಲ್ಲಿ ನಡೆಯುವ ಅಪರಾಧವನ್ನು ಬರೆದರು. ಗಾಳಿ ಬೆಳಕು, ಶುಚಿತ್ವ, ಆಹಾರದ ಬಗೆಗಿನ ಅಜ್ಞಾನವನ್ನೂ ಬರೆದರು. ಜೊತೆಗೆ ಕಪ್ಪು ಜನರೆಲ್ಲ ಒಂದೇ ರಾಶಿ ಎಂಬ ಭ್ರಮೆಯನ್ನು ಒಡೆದರು. ವಾರ್ಡಿನ ಭೂಪಟದಲ್ಲಿ ಮನೆಗಳಿಗೆ ನಾಲ್ಕು ದರ್ಜೆಗಳ ಬಣ್ಣ ಹಚ್ಚಿ, ಅನುಕೂಲಸ್ಥರೂ ದುಡಿಯುವ ಬಡವರೂ ಅಪರಾಧಿಗಳೂ ಒಂದೇ ನೆರೆಯಲ್ಲಿ ಇರುವುದನ್ನು ತೋರಿಸಿದರು.

ಗ್ರಂಥ ಪ್ರಕಟವಾದ ಅದೇ 1899ರ ಮೇ ತಿಂಗಳಿನಲ್ಲಿ, ಅಟ್ಲಾಂಟಾದಲ್ಲಿ, ಇನ್ನೂ ಎರಡು ವರ್ಷ ತುಂಬದ ಅವರ ಚೊಚ್ಚಲ ಮಗ ಬರ್ಗಾರ್ಡ್ ಗಂಟಲುಮಾರಿಯಿಂದ ತೀರಿಕೊಂಡ. ಸಾವಿರಾರು ಜನರ ಕಾಯಿಲೆಯನ್ನು ಕೋಷ್ಟಕದಲ್ಲಿ ಬರೆದ ತಂದೆಯ ಮನೆಗೇ ಆ ಸಾವು ಬಂತು. ಆ ದುಃಖವನ್ನು ಅವರು 1903ರ ತಮ್ಮ ಪ್ರಬಂಧ ಸಂಕಲನದಲ್ಲಿ ಬರೆದರು. ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ. ಕಪ್ಪು ಅಮೆರಿಕನ್ನರ ಆರೋಗ್ಯವನ್ನು ಕುರಿತ ಇನ್ನೊಂದು ಅಧ್ಯಯನವನ್ನು 1906ರಲ್ಲಿ ಅಟ್ಲಾಂಟಾ ವಿಶ್ವವಿದ್ಯಾಲಯದಿಂದ ಹೊರತಂದರು. ಸಾವು ನೋವುಗಳ ಅಂತರಕ್ಕೆ ಬಹುಮಟ್ಟಿಗೆ ಬದುಕಿನ ಸ್ಥಿತಿಯೇ ಕಾರಣವೆಂಬ ನಿಲುವು ಅಲ್ಲಿಯೂ ಸ್ಪಷ್ಟವಾಗಿತ್ತು. ನಲವತ್ತು ವರ್ಷಗಳ ಬಳಿಕ, 1946ರಲ್ಲಿ, ಡಾ. ಬಿ. ಆರ್. ಅಂಬೇಡ್ಕರ್ ಅವರು ಡು ಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಅಮೆರಿಕನ್ನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೋರಿದರು.

ಗಡಿಯಾಚೆ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಕತೆ ತೀರ ದೂರದ್ದಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಹೇಳುತ್ತದೆ. ಜನಗಣತಿಯವರು ಬಂದಾಗ ಮನೆಯವರು ಹೇಳಿದ್ದೇ ಮಾತೃಭಾಷೆಯೆಂದು ದಾಖಲಾಗುತ್ತದೆ. ಆದುದರಿಂದ ಆ ಉತ್ತರವನ್ನು ಸ್ಪಷ್ಟವಾಗಿ ಹೇಳುವುದು ಮೊದಲ ಕೆಲಸ. ಆದರೆ ತಲೆ ಎಣಿಸಿದ ಮಾತ್ರಕ್ಕೆ ಮನೆಯ ಸ್ಥಿತಿ ತಿಳಿಯುವುದಿಲ್ಲ. ಮಗು ಶಾಲೆಗೆ ಎಷ್ಟು ದೂರ ನಡೆಯುತ್ತದೆ? ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಹೊಟ್ಟೆನೋವೆಂದು ಮಗು ಕನ್ನಡದಲ್ಲಿ ಹೇಳಿದರೆ ಆಸ್ಪತ್ರೆಯಲ್ಲಿ ಅರ್ಥ ಮಾಡಿಕೊಳ್ಳುವವರು ಇದ್ದಾರೆಯೇ? ಪ್ರೌಢಶಾಲೆಯ ಮಕ್ಕಳು ಒಂದು ನೋಟುಪುಸ್ತಕ ಹಿಡಿದು ತಮ್ಮ ಕೇರಿಯ ಮನೆಗಳಲ್ಲಿ ಈ ಪ್ರಶ್ನೆಗಳನ್ನು ಕೇಳಿ ಬರೆದಿಟ್ಟರೆ, ಪಂಚಾಯಿತಿಗೆ ಸಲ್ಲಿಸುವ ಮನವಿಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೆ ಬೇಕಾಗದು.