ಹೆಸರಿಗಿಂತ ಮೊದಲೇ ಬೆಲೆ ಬಂದ ಮೀನು

ಮಾಲ್ದೀವ್ಸಿನ ದಿವೇಹಿ ಭಾಷೆಯಲ್ಲಿ ಗುಲಾಬಿಗೆ ‘ಫಿನಿಫೆನ್ಮಾ’ ಅನ್ನುತ್ತಾರೆ. ಅದು ಆ ದೇಶದ ರಾಷ್ಟ್ರೀಯ ಹೂವು. 2022ರಲ್ಲಿ ಆ ಹೆಸರು ಒಂದು ಮೀನಿಗೂ ಬಂತು: ಸಿರಿಲ್ಯಾಬ್ರಸ್ ಫಿನಿಫೆನ್ಮಾ. ಸಮುದ್ರದ ನಲವತ್ತರಿಂದ ಎಪ್ಪತ್ತು ಮೀಟರ್ ಆಳದ ಹವಳದ ದಿಬ್ಬಗಳಲ್ಲಿ ಇರುವ ಪುಟ್ಟ ಮೀನು. ರಾಸ್ ಎಂಬ ಕುಟುಂಬದ್ದು. ಗಂಡಿನ ಮೈಯಲ್ಲಿ ಗುಲಾಬಿ, ಕಿತ್ತಳೆ, ನೇರಳೆ ಎಲ್ಲ ಒಟ್ಟಿಗೇ ಇದೆ.

ಮೊದಲು ಇದನ್ನು ಚಾಗೋಸ್ ದ್ವೀಪಗಳ ಇನ್ನೊಂದು ಮೀನೆಂದೇ ತಿಳಿದಿದ್ದರು. ಬೇರೆಯೆಂದು ತೋರಿಸಿ ಹೆಸರಿಟ್ಟವರಲ್ಲಿ ಮಾಲ್ದೀವ್ಸಿನವರೇ ಆದ ಅಹ್ಮದ್ ನಜೀಬ್ ಒಬ್ಬರು. ಆ ದೇಶದ ವಿಜ್ಞಾನಿಯೊಬ್ಬರು ಅಲ್ಲಿನ ಮೀನಿಗೆ ಹೀಗೆ ಹೆಸರಿಟ್ಟದ್ದು ಅದೇ ಮೊದಲು. ಆದರೆ ಅಷ್ಟರೊಳಗೆ ಈ ಮೀನು ಅಕ್ವೇರಿಯಂ ಪೇಟೆಯಲ್ಲಿ ಮಾರಾಟವಾಗುತ್ತಿತ್ತು!

ನನ್ನ ಮನೆಯಲ್ಲಿ ಉಪ್ಪುನೀರಿನ ನಾನೂರು ಲೀಟರಿನ ತೊಟ್ಟಿ ಇದೆ. ಅದರಲ್ಲಿರುವುದು ಇದೇ ಬಳಗದ, ಕಡಿಮೆ ಆಳದ ಒಂದು ಫೇರಿ ರಾಸ್. ಇವು ಬೆದರಿದರೆ ಹಾರುತ್ತವೆ, ಹಾಗಾಗಿ ಮೇಲೆ ಬಲೆಯ ಮುಚ್ಚಳ ಬೇಕೇ ಬೇಕು. ಸಿಗಡಿಯ ಸಣ್ಣ ಚೂರುಗಳನ್ನು ದಿನಕ್ಕೆ ಎರಡು ಮೂರು ಸಲ ಹಾಕಬೇಕು. ಹುಟ್ಟುವಾಗ ಹೆಣ್ಣಾಗಿದ್ದು, ಮುಂದೆ ಕೆಲವು ಗಂಡಾಗುತ್ತವೆ. ಚಿಕ್ಕ ತೊಟ್ಟಿಯಲ್ಲಿ ಎರಡು ಗಂಡು ಬಿಟ್ಟರೆ ಜಗಳ. ರಾತ್ರಿ ಲೋಳೆಯ ಗೂಡು ಕಟ್ಟಿ ಅದರೊಳಗೆ ಮಲಗುವುದನ್ನು ಟಾರ್ಚ್ ಹಾಕಿ ನೋಡುವುದೇ ಒಂದು ಸಂತೋಷ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮ ಫ್ಯಾನಿಗಿಂತ ಮೊದಲು ಅದರ ಪಂಪಿಗೆ ಇನ್ವರ್ಟರ್.

“ತಿನ್ನದ ಮೀನಿಗೆ ಇಷ್ಟು ಖರ್ಚಾ?” ಅಂತ ಉಮ್ಮ ಕೇಳುವುದುಂಟು.

ಆಳದ ಮೀನಿನ ಕಥೆ ಇನ್ನೂ ಕಷ್ಟ. ಬೇಗ ಮೇಲೆತ್ತಿದರೆ ಈಜುಚೀಲದ ಗಾಳಿ ಹಿಗ್ಗಿ ಸಾಯಬಹುದು. ನಿಧಾನವಾಗಿ ತರಬೇಕು, ಮನೆಗೆ ಬಂದ ಮೇಲೂ ಕೆಲವು ದಿನ ಮಂದ ಬೆಳಕಿನಲ್ಲಿಡಬೇಕು. ತೊಟ್ಟಿ ತಲುಪುವ ಒಂದರ ಹಿಂದೆ ದಾರಿಯಲ್ಲಿ ಎಷ್ಟು ಸತ್ತವೋ, ಕೊಳ್ಳುವವನಿಗೆ ಕಾಣುವುದಿಲ್ಲ.

ಫಿನಿಫೆನ್ಮಾ ಸದ್ಯ ಅಪಾಯದಲ್ಲಿಲ್ಲ, ಅಲ್ಲಿ ಸಾಕಷ್ಟಿದೆ ಎಂದು ಹೆಸರಿಟ್ಟವರೇ ಹೇಳಿದ್ದಾರೆ. ಆದರೂ ಹೆಸರಿಲ್ಲದ ಜೀವಿಯ ಲೆಕ್ಕ ಇಡುವುದು ಹೇಗೆ? ಎಷ್ಟು ಹಿಡಿದರು, ಎಷ್ಟು ಉಳಿಯಿತು ಅಂತ ಬರೆಯಲು ಮೊದಲು ಒಂದು ಹೆಸರು ಬೇಕಲ್ಲ.

ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿಗಳು ಹೋಗುತ್ತವೆ. ಅಲ್ಲಿನ ಮಿನಿಕಾಯ್‌ನವರ ಮಹಲ್ ಮಾತು ದಿವೇಹಿಯದೇ ರೂಪ. ಹಾಗೆ ನೋಡಿದರೆ ಈ ಹೆಸರು ನಮಗೆ ದೂರದ್ದಲ್ಲ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ ಆಡುವ ನನಗೆ, ಸಣ್ಣ ಭಾಷೆಯ ಒಂದು ಪದ ವಿಜ್ಞಾನದ ಪಟ್ಟಿಯಲ್ಲಿ ಕೂತದ್ದು ದೊಡ್ಡ ಸಂಗತಿಯಾಗಿ ಕಂಡಿತು. ಆ ಮೀನನ್ನು ನಾನು ತರಿಸುವುದಿಲ್ಲ. ಅದರ ಚಿತ್ರವನ್ನು ಮಗಳಿಗೆ ತೋರಿಸಿ, ಹೆಸರು ಹೇಳಿಕೊಟ್ಟಿದ್ದೇನೆ.