ಮಲ್ಲವಿನೋದ

ಅಮೆರಿಕದ ವೃತ್ತಿಪರ ಕುಸ್ತಿಯನ್ನು ಮಕ್ಕಳು ದೂರದರ್ಶನದ ಎದುರು ಕುಳಿತು ಎವೆಯಿಕ್ಕದೆ ನೋಡುತ್ತಿರುವಾಗ, ಅದೇ ಕೋಣೆಯ ಮೂಲೆಯಲ್ಲಿ ಪತ್ರಿಕೆಯನ್ನು ಮುಖಕ್ಕೆ ಅಡ್ಡವಾಗಿ ಹಿಡಿದು, ಅದರ ಅಂಚಿನ ಮೇಲಿನಿಂದ ಒಂದು ಕಣ್ಣನ್ನು ಮಾತ್ರ ಪರದೆಯ ಕಡೆಗೆ ನೆಟ್ಟಿರುವ ಹಿರಿಯರೊಬ್ಬರು ‘ಅದೆಲ್ಲ ಬರೀ ಸುಳ್ಳು ಕಣೋ, ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡ್ಕೊಂಡಿರ್ತಾರೆ’ ಎಂದು ತೀರ್ಪು ಕೊಡುವುದು ನಮ್ಮ ಮಧ್ಯಮವರ್ಗದ ಗೃಹಗಳಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯವಾಗಿದೆ. ಮಕ್ಕಳು ಈ ತೀರ್ಪಿಗೆ ಕಿವಿಗೊಡುವುದಿಲ್ಲ. ಅದೇ ಹಿರಿಯರು ಅಂದಿನ ರಾತ್ರಿ ಕೀಚಕವಧೆಯ ಆಟಕ್ಕೆ ಹೋದರೆನ್ನಿ. ಭೀಮನೇ ಗೆಲ್ಲುವನೆಂಬುದು ವ್ಯಾಸರ ಕಾಲದಿಂದಲೇ ನಿಶ್ಚಿತವಾಗಿದ್ದರೂ ಆ ಕಾರಣದಿಂದ ಭಾಗವತರ ಮೇಲೆ ಮೋಸದ ಆರೋಪವನ್ನು ಹೊರಿಸದೆ, ಬೆಳಗಿನ ಜಾವದವರೆಗೂ ಕುಳಿತಿದ್ದು, ಕೀಚಕನು ಸಾಯುವುದು ಸ್ವಲ್ಪ ಬೇಗನೆ ಆಯಿತೆಂದು ಕೊರಗುತ್ತ ಮನೆಗೆ ಮರಳುತ್ತಾರೆ.

ಹಾಗಾದರೆ ಫಲವು ಪೂರ್ವನಿಶ್ಚಿತವೆಂಬ ಮಾತ್ರಕ್ಕೆ ಯಾರೂ ಕೋಪಿಸಿಕೊಳ್ಳುವುದಿಲ್ಲವೆಂದಾಯಿತು. ಕೋಪಕ್ಕೆ ಕಾರಣವಾಗುವುದು ಈ ಕುಸ್ತಿ ತೊಟ್ಟುಬರುವ ವೇಷ. ಗಂಟೆ, ತೀರ್ಪುಗಾರ, ಪ್ರಶಸ್ತಿಯ ಪಟ್ಟಿ, ಮಲ್ಲನು ಕಣಕ್ಕೆ ಇಳಿಯುವ ಮೊದಲು ಗಟ್ಟಿಯಾಗಿ ಸಾರುವ ಅವನ ತೂಕ ಮತ್ತು ಊರು, ಇವೆಲ್ಲವೂ ಕ್ರೀಡೆಯ ಲಾಂಛನಗಳು. ಕಳೆದ ಶತಮಾನದ ಕಡೆಯ ದಶಕದಲ್ಲಿ, ನಾನಿನ್ನೂ ಅಧ್ಯಾಪಕ ವೃತ್ತಿಯಲ್ಲಿದ್ದಾಗ, ತರಗತಿಯ ಹಿಂದಿನ ಬೆಂಚುಗಳಲ್ಲಿ ಟ್ರಂಪ್ ಕಾರ್ಡುಗಳೆಂಬ ಎಲೆಗಳ ವ್ಯವಹಾರ ಗುಟ್ಟಾಗಿ ಸಾಗುತ್ತಿತ್ತು. ಪ್ರತಿಯೊಂದು ಎಲೆಯ ಮೇಲೂ ಒಬ್ಬೊಬ್ಬ ಮಲ್ಲನ ಎತ್ತರ, ತೂಕ, ಎದೆಯ ಸುತ್ತಳತೆ, ಅವನಿಗೆ ಸಂದ ಸ್ಥಾನ ಮುದ್ರಿತವಾಗಿರುತ್ತಿದ್ದವು. ಮಗ್ಗಿಯಲ್ಲಿ ತಡವರಿಸುತ್ತಿದ್ದ ಬಾಲಕನು ಅಂಡರ್‌ಟೇಕರನ ತೋಳಿನ ಅಳತೆಯನ್ನು ನಿದ್ರೆಯಲ್ಲಿಯೂ ಹೇಳಬಲ್ಲವನಾಗಿದ್ದನು. ಆ ಮಲ್ಲನಿಗೆ ಏಳು ಜೀವಗಳಿವೆಯೆಂಬುದೂ ಆ ಬಾಲಕರಿಗೆ ನಿರ್ವಿವಾದವಾದ ಸತ್ಯ. ಅಂಕಿಅಂಶವೂ ಪುರಾಣವೂ ಒಂದೇ ಎಲೆಯ ಎರಡು ಮಗ್ಗುಲುಗಳಲ್ಲಿ ಹೀಗೆ ನಿರಾಯಾಸವಾಗಿ ಸಹಬಾಳ್ವೆ ನಡೆಸುತ್ತಿದ್ದುದನ್ನು ನಾನು ಇತಿಹಾಸದ ಪಠ್ಯಪುಸ್ತಕಗಳಲ್ಲಲ್ಲದೆ ಬೇರೆಲ್ಲಿಯೂ ಕಂಡಿಲ್ಲ.

ಈ ಆಟದ ರುಚಿ ನಮಗೆ ಪರಕೀಯವಾದುದೆಂದು ಹೇಳುವವರು ಮಹಾಭಾರತವನ್ನು ಒಮ್ಮೆ ಈ ದೃಷ್ಟಿಯಿಂದ ಓದಿನೋಡಬೇಕು. ಭೀಮ ಜರಾಸಂಧರ ಮಲ್ಲಯುದ್ಧದಲ್ಲಿ ಕಣದ ಹೊರಗೆ ನಿಂತು ಕಡ್ಡಿಯನ್ನು ಸೀಳಿ ಸನ್ನೆ ಮಾಡಿದವನು ಶ್ರೀಕೃಷ್ಣ. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮುರಿದು ತೊಡೆಗೆ ಬೀಸಿದವನು ನಾವು ಪಕ್ಷವಹಿಸಿದ ನಾಯಕ. ನಿಯಮಭಂಗವನ್ನು ಕಂಡು ಕನಲಿ ನೇಗಿಲನ್ನೆತ್ತಿ ಮುನ್ನುಗ್ಗಿದ ಬಲರಾಮನು, ಉಭಯರಿಗೂ ಗುರುವಾಗಿದ್ದು, ಇಡೀ ಪ್ರಸಂಗದಲ್ಲಿ ಧರ್ಮದ ಮಾತನ್ನಾಡಿದ ಏಕೈಕ ಪ್ರೇಕ್ಷಕನಾಗಿದ್ದು, ಕಡೆಗೆ ಯಾರ ಸಹಾನುಭೂತಿಯನ್ನೂ ಪಡೆಯದೆ ದ್ವಾರಕೆಯ ದಾರಿ ಹಿಡಿದನು. ಹೊರಗಿನಿಂದ ಸನ್ನೆ ಮಾಡುವ ಸೂತ್ರಧಾರ, ನಿಷಿದ್ಧವಾದ ಹೊಡೆತ, ನಿಸ್ಸಹಾಯಕನಾದ ತೀರ್ಪುಗಾರ, ಈ ಮೂರಿಲ್ಲದೆ ಅಮೆರಿಕದ ಕುಸ್ತಿಯ ಒಂದು ಸಂಜೆಯೂ ಸಾಗದು.

ಆದರೆ ನಾಟಕವು ಕ್ರೀಡೆಯ ವೇಷವನ್ನು ಏತಕ್ಕಾಗಿ ತೊಡಬೇಕಾಯಿತೆಂಬುದನ್ನು ಅರಿಯಲು ಸ್ಟಾನಿಸ್ಲಾಸ್ ಝ್ಬಿಷ್ಕೊ ಎಂಬ ಪೋಲೆಂಡಿನ ಮಲ್ಲನೊಬ್ಬನ ಚರಿತ್ರೆ ಸಾಕು. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಅವನಿಗೂ ನಮ್ಮ ಗಾಮಾ ಪೈಲ್ವಾನನಿಗೂ ಕುಸ್ತಿಯಾಯಿತು. ಎದುರಾಳಿಯ ಬಲವೇನೆಂಬುದು ಅರಿವಾದೊಡನೆ ಝ್ಬಿಷ್ಕೊ ಹೊಟ್ಟೆಯ ಮೇಲೆ ಮಲಗಿ, ನೆಲವನ್ನು ಅವಚಿಕೊಂಡು, ಎರಡೂವರೆ ಗಂಟೆಗೂ ಮಿಕ್ಕಿದ ಆ ಪಂದ್ಯದ ಬಹುಭಾಗವನ್ನು ಹಾಗೆಯೇ ಕಳೆದನು. ಗಾಮಾ ಅವನನ್ನು ಮಗುಚಿಹಾಕಲು ಯತ್ನಿಸಿ ಯತ್ನಿಸಿ, ಕಡೆಗೆ ಪಂದ್ಯ ಸಮವಾಯಿತೆಂದು ಸಾರಲಾಯಿತು. ಮುಂದಿನ ವಾರದ ಮರುಪಂದ್ಯಕ್ಕೆ ಝ್ಬಿಷ್ಕೊ ಬರಲೇ ಇಲ್ಲ. ಇದು ಅಪ್ಪಟವಾದ ಕ್ರೀಡೆ. ಇದರಲ್ಲಿ ಕಪಟದ ಲವಲೇಶವೂ ಇಲ್ಲ. ಆದರೆ ಹಣ ಕೊಟ್ಟು ಒಳಗೆ ಬಂದು, ಮಲಗಿರುವ ಒಬ್ಬನನ್ನೂ ಅವನ ಬೆನ್ನ ಮೇಲಿರುವ ಇನ್ನೊಬ್ಬನನ್ನೂ ಎರಡೂವರೆ ಗಂಟೆ ನೋಡಿದ ಸದ್ಗೃಹಸ್ಥನು ಮರುವಾರ ಮತ್ತೆ ಟಿಕೆಟ್ಟು ಕೊಳ್ಳುವನೆಂದು ನಂಬುವುದು ಕಷ್ಟ.

ಈ ಕಷ್ಟವನ್ನು ಚೆನ್ನಾಗಿ ಅರಿತವರು ಅಮೆರಿಕದಲ್ಲಿ 1920ರ ದಶಕದ ಮೂವರು ಸಾಹಸಿಗಳು: ಎಡ್ ‘ಸ್ಟ್ರಾಂಗ್ಲರ್’ ಲೂಯಿಸ್ ಎಂಬ ಮಲ್ಲ, ಅವನ ವ್ಯವಸ್ಥಾಪಕ ಬಿಲ್ಲಿ ಸ್ಯಾಂಡೋ, ಮತ್ತು ಈ ಎಲ್ಲಕ್ಕೂ ತಲೆಯಾಗಿದ್ದ ಟೂಟ್ಸ್ ಮಾಂಟ್. ಪಂದ್ಯಕ್ಕೆ ಕಾಲಮಿತಿ, ಪಟ್ಟುಗಳಲ್ಲಿ ವೇಗ, ಎತ್ತಿ ಎಸೆಯುವ ಅಬ್ಬರ, ಊರೂರಿಗೆ ಸಂಚರಿಸುವ ಮಲ್ಲರ ಮೇಳ, ಮತ್ತು ಮೊದಲೇ ಗೊತ್ತುಮಾಡಿಕೊಂಡ ಮುಕ್ತಾಯ, ಇವು ಅವರ ಸುಧಾರಣೆಗಳು. 1925ರ ಜನವರಿಯಲ್ಲಿ ಕಾನ್ಸಾಸ್ ಸಿಟಿಯಲ್ಲಿ ಲೂಯಿಸನು ವೇಯ್ನ್ ಮನ್ ಎಂಬ ದೈತ್ಯಾಕಾರದ ಫುಟ್‌ಬಾಲ್ ಆಟಗಾರನಿಗೆ ಸೋತು ಪಟ್ಟವನ್ನು ಒಪ್ಪಿಸಿದನು; ಮನ್ ಕುಸ್ತಿಯನ್ನು ಬಲ್ಲವನಲ್ಲ, ಜನರನ್ನು ಸೆಳೆಯಬಲ್ಲವನು. ಅವನ ಕೀರ್ತಿಯನ್ನು ಬೆಳೆಸುವುದಕ್ಕಾಗಿ ಏಪ್ರಿಲ್ ತಿಂಗಳಿನಲ್ಲಿ ಫಿಲಡೆಲ್ಫಿಯದಲ್ಲಿ ಅವನ ಮುಂದೆ ಸೋಲಬೇಕೆಂದು ನೇಮಕವಾದವನು ವಯಸ್ಸು ಸಂದ ನಮ್ಮ ಝ್ಬಿಷ್ಕೊ. ಲಂಡನ್ನಿನಲ್ಲಿ ನೆಲವನ್ನು ಬಿಡದಿದ್ದ ಆ ಮಲ್ಲನು ಅಂದು ಒಪ್ಪಂದವನ್ನು ಗಾಳಿಗೆ ತೂರಿ, ಫುಟ್‌ಬಾಲ್ ಆಟಗಾರನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿ ಪಟ್ಟವನ್ನು ಕಸಿದುಕೊಂಡನು. ಸತ್ಯವಾದ ಕುಸ್ತಿಯೆಂದು ನಂಬಿ ಹಣ ಕೊಟ್ಟವರಿಗೆ ಅಂದು, ಯಜಮಾನರ ಇಚ್ಛೆಗೆ ನೇರ ವಿರುದ್ಧವಾಗಿ, ಸತ್ಯವಾದ ಕುಸ್ತಿಯೇ ದೊರಕಿತು. 1928ರಲ್ಲಿ ಪಟಿಯಾಲದಲ್ಲಿ ಗಾಮಾ ಅವನನ್ನು ಮತ್ತೆ ಸಂಧಿಸಿದಾಗ ಕೆಲಸ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲವೆಂಬುದನ್ನು, ಕಥೆ ಪೂರ್ಣವಾಗಲೆಂದು, ಹೇಳಿಬಿಡುತ್ತೇನೆ.

ಗುಟ್ಟನ್ನು ಕಾಯುವುದರಲ್ಲಿ ಈ ವೃತ್ತಿಯವರು ಮಂತ್ರೋಪದೇಶ ಪಡೆದವರಿಗಿಂತ ಕಟ್ಟುನಿಟ್ಟಾಗಿದ್ದರು. 1984ರಲ್ಲಿ ಜಾನ್ ಸ್ಟಾಸೆಲ್ ಎಂಬ ದೂರದರ್ಶನ ವರದಿಗಾರನು ನ್ಯೂಯಾರ್ಕಿನಲ್ಲಿ ಡೇವಿಡ್ ಶುಲ್ಟ್ಸ್ ಎಂಬ ಮಲ್ಲನ ಮುಂದೆ ನಿಂತು, ಇದೆಲ್ಲ ಸುಳ್ಳೆಂದು ತನಗೆ ತೋರುತ್ತದೆಂದು ಹೇಳಿದಾಗ ಅವನ ಎರಡು ಕಿವಿಗಳಿಗೂ ಕ್ರಮವಾಗಿ ಒಂದೊಂದು ಏಟು ಬಿದ್ದಿತು. ಆ ಏಟುಗಳು ನಿಜವಾಗಿದ್ದುವೆಂಬುದನ್ನು ದಾವೆಯ ತರುವಾಯ ರಾಜಿಯಲ್ಲಿ ದೊರೆತ ಪರಿಹಾರವೇ ಸಮರ್ಥಿಸಿತು. ಐದು ವರ್ಷಗಳು ತುಂಬುವುದರೊಳಗೆ, 1989ರಲ್ಲಿ, ವಿನ್ಸ್ ಮೆಕ್‌ಮೇಹನನ ಕುಸ್ತಿ ಸಂಸ್ಥೆಯವರು ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ತಾವಾಗಿಯೇ ನಿಂತು, ತಮ್ಮದು ಸ್ಪರ್ಧೆಯಲ್ಲವೆಂದೂ ಪ್ರೇಕ್ಷಕರ ಮನರಂಜನೆಯೇ ಅದರ ಮುಖ್ಯೋದ್ದೇಶವೆಂದೂ ನಿವೇದಿಸಿಕೊಂಡರು. ಹರಿಶ್ಚಂದ್ರನ ತರುವಾಯ ಸತ್ಯಕ್ಕಾಗಿ ಇಷ್ಟು ಬಹಿರಂಗವಾಗಿ ನಿಂತವರಿಲ್ಲವೆಂದು ಮೆಚ್ಚುವ ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು: ಹರಿಶ್ಚಂದ್ರನು ಸತ್ಯದಿಂದ ರಾಜ್ಯವನ್ನು ಕಳೆದುಕೊಂಡನು, ಇವರು ತೆರಿಗೆಯನ್ನು ಉಳಿಸಿಕೊಂಡರು. ಕ್ರೀಡೆಯೆಂದಾದರೆ ಕ್ರೀಡಾ ಆಯೋಗದ ಪರವಾನಗಿ ಬೇಕು, ಪ್ರಸಾರದ ಆದಾಯದ ಮೇಲೆ ಕರ ಸಲ್ಲಬೇಕು, ಕಣಕ್ಕೆ ಇಳಿಯುವ ಮೊದಲು ಮಲ್ಲನನ್ನು ವೈದ್ಯನು ಪರೀಕ್ಷಿಸಬೇಕು. ಮನರಂಜನೆಯೆಂದರೆ ಈ ಮೂರು ಉಪದ್ರವಗಳೂ ಇಲ್ಲ.

ವೈದ್ಯನನ್ನು ಕರದ ಜೊತೆಗೆ ಒಂದೇ ಕಟ್ಟಿನಲ್ಲಿ ಸೇರಿಸಿ ಸಾಗಹಾಕಿದ ಈ ಜಾಣ್ಮೆಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಕಲ್ಯಾಣದ ಚಾಲುಕ್ಯರ ಕಡೆಗೆ ಹರಿಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ನಾಡನ್ನಾಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳಿಗೆ ಮೀಸಲಾದ ಭಾಗದೊಳಗೆ ಮಲ್ಲವಿನೋದವೂ ಒಂದು. ಕುಸ್ತಿಯನ್ನು ವಿನೋದವೆಂದು ಕರೆಯಲು ಆ ಅರಸನು ಯಾವ ಶಾಸನಸಭೆಯ ಅಪ್ಪಣೆಯನ್ನೂ ಬೇಡಲಿಲ್ಲ, ಯಾವ ಸಂಕೋಚವನ್ನೂ ಪಡಲಿಲ್ಲ. ಆದರೆ ಹಾಗೆ ಕರೆದ ಉಸಿರಿನಲ್ಲಿಯೇ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲಗಳಿಗನುಸಾರವಾಗಿ ವಿಂಗಡಿಸಿ, ಅವರ ವ್ಯಾಯಾಮವನ್ನು ವಿಧಿಸಿ, ಬೇಳೆ, ಮಾಂಸ, ಹಾಲು, ಸಿಹಿಭಕ್ಷ್ಯಗಳನ್ನು ಒದಗಿಸುವ ಹೊಣೆಯನ್ನು ಅರಸನ ಮೇಲೆಯೇ ಹೊರಿಸಿದನು. ನೋಡಿ ಸಂತೋಷಪಡುವವನೇ ಹಾಲಿನ ಖರ್ಚನ್ನೂ ವಹಿಸತಕ್ಕದ್ದೆಂಬ ಈ ಏರ್ಪಾಡು ನ್ಯೂಜೆರ್ಸಿಯ ಕಾಯಿದೆಗಿಂತ ನನಗೆ ಹೆಚ್ಚು ನಾಗರಿಕವಾಗಿ ತೋರುತ್ತದೆ.

ಇನ್ನು, ಇದನ್ನು ನಾಟಕವೆಂದು ಒಪ್ಪಿಬಿಡೋಣವೆಂದರೆ ಭರತಮುನಿ ಅಡ್ಡಬರುತ್ತಾನೆ. ರಂಗದ ಮೇಲಿನ ಯುದ್ಧದಲ್ಲಿ ಆಯುಧವು ಮೈಯನ್ನು ಸೀಳಬಾರದು, ಕತ್ತರಿಸಬಾರದು, ರಕ್ತವನ್ನು ಹರಿಸಬಾರದು, ಪ್ರಹಾರವನ್ನು ಅಭಿನಯದಿಂದಲೇ ಸೂಚಿಸಬೇಕೆಂಬುದು ನಾಟ್ಯಶಾಸ್ತ್ರದ ವಿಧಿ. ಅಮೆರಿಕದ ಮಲ್ಲರೋ ಬ್ಲೇಡಿನ ತುಣುಕನ್ನು ಬೆರಳುಪಟ್ಟಿಯಲ್ಲಿ ಅಡಗಿಸಿಟ್ಟುಕೊಂಡು ತಮ್ಮ ಹಣೆಯನ್ನು ತಾವೇ ಗೀರಿಕೊಳ್ಳುವ ಪದ್ಧತಿಯನ್ನು ದಶಕಗಟ್ಟಲೆ ಆಚರಿಸಿದವರು. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ಮೊದಲ ಹನಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಅಮೆರಿಕದಲ್ಲೋ ರಕ್ತ ಕಂಡ ಮೇಲೆಯೇ ಆಟಕ್ಕೆ ಕಳೆಯೇರುತ್ತದೆ. 1998ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಮಿಕ್ ಫೋಲಿ ಎಂಬ ಮಲ್ಲನು ಸುಮಾರು 16 ಅಡಿ ಎತ್ತರದ ಪಂಜರದ ಮೇಲಿನಿಂದ ಕೆಳಗಿನ ಮೇಜಿನ ಮೇಲೆ ಬಿದ್ದು, ಎದ್ದು, ಮತ್ತೆ ಹತ್ತಿ, ಪಂಜರದ ಮಾಡು ಮುರಿದು ಎರಡನೆಯ ಬಾರಿ ಬಿದ್ದನು. ಅವನು ಸೋಲುವುದು ಮೊದಲೇ ನಿಶ್ಚಯವಾಗಿತ್ತು. ಅವನ ಹಲ್ಲು ಮುರಿದದ್ದು ನಿಶ್ಚಯದ ಪ್ರಕಾರವಲ್ಲ. ಕ್ರೀಡೆಯಲ್ಲಿ ಫಲವು ಅನಿಶ್ಚಿತ, ನೋವು ಆಕಸ್ಮಿಕ. ನಾಟಕದಲ್ಲಿ ಫಲವು ನಿಶ್ಚಿತ, ನೋವು ಕಲ್ಪಿತ. ಫಲವನ್ನು ನಾಟಕದಿಂದಲೂ ನೋವನ್ನು ಕ್ರೀಡೆಯಿಂದಲೂ ಎರವಲು ತಂದ ಈ ಮೂರನೆಯದಕ್ಕೆ ಲಕ್ಷಣಗ್ರಂಥಗಳಲ್ಲಿ ಸ್ಥಾನವಿಲ್ಲ.

1999ರ ಮೇ ತಿಂಗಳಿನಲ್ಲಿ, ಅದೇ ಕಾನ್ಸಾಸ್ ಸಿಟಿಯಲ್ಲಿ, ಓವನ್ ಹಾರ್ಟ್ ಎಂಬ ಮಲ್ಲನು ಸಭಾಂಗಣದ ಛಾವಣಿಯಿಂದ ಹಗ್ಗದ ಆಧಾರದಿಂದ ಇಳಿದುಬರುವ ಪ್ರವೇಶದೃಶ್ಯದಲ್ಲಿ ಕೊಕ್ಕೆ ಅಕಾಲದಲ್ಲಿ ಬಿಚ್ಚಿಕೊಂಡು, 70 ಅಡಿಗೂ ಮೇಲಿನಿಂದ ಬಿದ್ದು ಮರಣಹೊಂದಿದನು. ವೀಕ್ಷಕ ವಿವರಣೆ ನೀಡುತ್ತಿದ್ದಾತನು ಇದು ಮನರಂಜನೆಯ ಭಾಗವಲ್ಲವೆಂದು ದೂರದರ್ಶನದ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಯಿತು. ಸಭಾಂಗಣದಲ್ಲಿ ನೆರೆದಿದ್ದವರಿಗೆ ಸಾವಿನ ಸುದ್ದಿಯನ್ನು ಅಲ್ಲಿ ತಿಳಿಸಲಿಲ್ಲ, ಉಳಿದ ಪಂದ್ಯಗಳು ಗೊತ್ತುಪಡಿಸಿದಂತೆ ನಡೆದವು. ದಾರಾಸಿಂಗನ ಕುಸ್ತಿಗಳನ್ನು ಕಂಡು ಬೆಳೆದ ನಮ್ಮ ತಲೆಮಾರಿನವರು, 1987ರಲ್ಲಿ ಅವನೇ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾಗಿ ಬಂದಾಗ, ಇವನ ಹಿಂದಿನ ಗೆಲುವುಗಳಲ್ಲಿ ನಿಜವೆಷ್ಟೆಂದು ಲೆಕ್ಕ ಕೇಳದೆ ಕೈಮುಗಿದೆವು. ರಸವನ್ನು ಸವಿಯುವವನಿಗೆ ಆ ಲೆಕ್ಕ ಬೇಕಿಲ್ಲ. ಕ್ರೀಡೆಯೋ ಮನರಂಜನೆಯೋ ಎಂಬ ಪ್ರಶ್ನೆಯ ಉತ್ತರ ಬೇಕಾಗಿರುವುದು ಬೆನ್ನುಮೂಳೆ ಸವೆದ ಮಲ್ಲನಿಗೆ. ಅಮೆರಿಕದ ಚಲಚ್ಚಿತ್ರನಟರಿಗೆ ಪ್ರಬಲವಾದ ಕಾರ್ಮಿಕ ಸಂಘವಿದೆ, ಅಲ್ಲಿನ ದೊಡ್ಡ ಕ್ರೀಡೆಗಳ ಆಟಗಾರರಿಗೂ ಇದೆ. ಮಲ್ಲನಿಗೆ ಎರಡೂ ಇಲ್ಲ, ಸಂಸ್ಥೆಯ ದೃಷ್ಟಿಯಲ್ಲಿ ಅವನು ನೌಕರನೂ ಅಲ್ಲ, ಸ್ವತಂತ್ರ ಗುತ್ತಿಗೆದಾರ. ಆದಕಾರಣ ನಾನು ಇದನ್ನು ಸೋಮೇಶ್ವರನ ಷರತ್ತುಗಳೊಡನೆ ವಿನೋದವೆಂದೇ ಕರೆಯಬಯಸುತ್ತೇನೆ.

ಆ ಷರತ್ತುಗಳಿಗಾಗಿ ಹೊಡೆದಾಡಿದವರು ಇಲ್ಲದಿಲ್ಲ. ಜೆಸ್ಸಿ ವೆಂಚುರಾ ಎಂಬ ಮಲ್ಲನು 1980ರ ದಶಕದ ಮಧ್ಯಭಾಗದಲ್ಲಿ ಮಲ್ಲರಿಗೆ ಸಂಘವೊಂದು ಬೇಕೆಂದು ಉಡುಪು ಬದಲಿಸುವ ಕೋಣೆಯಲ್ಲಿ ಮಾತೆತ್ತಿದನು. ಮಾತು ಸಹೋದ್ಯೋಗಿ ಹಲ್ಕ್ ಹೋಗನನ ಮೂಲಕ ಯಜಮಾನ ಮೆಕ್‌ಮೇಹನನ ಕಿವಿಯನ್ನು ಮುಟ್ಟಿತೆಂಬುದು ಮುಂದೆ ನ್ಯಾಯಾಲಯದ ವ್ಯವಹಾರವೊಂದರಲ್ಲಿ ಹೊರಬಿದ್ದಿತು. ಸಂಘದ ಪ್ರಸ್ತಾಪ ಅಲ್ಲಿಗೇ ನಿಂತಿತು. ವೆಂಚುರಾ ಕುಸ್ತಿಯನ್ನು ಬಿಟ್ಟು ರಾಜಕೀಯಕ್ಕೆ ಇಳಿದು, 1998ರಲ್ಲಿ ಎರಡು ದೊಡ್ಡ ಪಕ್ಷಗಳ ಅಭ್ಯರ್ಥಿಗಳನ್ನು ಸೋಲಿಸಿ ಮಿನ್ನೆಸೋಟ ರಾಜ್ಯದ ಗವರ್ನರನಾದನು. ಆ ಪಂದ್ಯದ ಫಲವನ್ನು ಮಾತ್ರ ಯಾರೂ ಮೊದಲೇ ಗೊತ್ತುಮಾಡಿರಲಿಲ್ಲ. ಮಲ್ಲರ ಸಂಘ ಇನ್ನೂ ಆಗಬೇಕಾಗಿದೆ.